ಕುಂಚಿಗೆಯ ಅಂಚು

ನನ್ನ ಕೈಗೆಲಸ ಚೆನ್ನಾಗಿದೆ. ನಾಚಿಕೆಯ ಕತೆ ಹೇಳಲು ಕೂತವಳು ಹೀಗೆ ಜಂಬದಿಂದ ಶುರು ಮಾಡಬಾರದು, ಅದು ನನಗೂ ಗೊತ್ತು. ಆದರೆ ಈ ಕತೆಯಲ್ಲಿ ನಾಚಿಕೆಗೆ ಬಾಗಿಲು ತೆಗೆದದ್ದೇ ಆ ಜಂಬ. ಅದನ್ನು ಬಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ. ಒಂದು ಸುಳ್ಳಿನ ಫಲವೇ ನನಗೆ ಸಾಕಾಗಿದೆ. ಹಳೆ ಧೋತರದ ತುಂಡಿಗೆ ನಾನು ಎರಡು ಕಣ್ಣು ಹೊಲಿದು ನಿಮ್ಮ ಎದುರಿಗೆ ಇಟ್ಟರೆ ಅದು ನಿಮ್ಮನ್ನೇ ನೋಡುತ್ತದೆ. ನೀವು ಎದ್ದು ಆಚೆ ಸರಿದರೂ ನೋಡುತ್ತದೆ. ಅರಿವೆ ಗೊಂಬೆ ಮಾಡುವವರು ಗೋಕಾಕದಿಂದ ಹುಕ್ಕೇರಿಯವರೆಗೆ ಓಣಿಗೊಬ್ಬರು ಸಿಗುತ್ತಾರೆ. ಹಾಗೆ ನೋಡುವ ಕಣ್ಣು ಹೊಲಿಯುವವರು ನನಗಿನ್ನೂ ಸಿಕ್ಕಿಲ್ಲ.

ನನ್ನ ಹೆಸರು ಗುಡ್ಡವ್ವ. ತವರು ಅರಭಾವಿ. ಅಲ್ಲಿಯ ಸಾಲೆಯಲ್ಲಿ ಬಾಗಿಲ ಹತ್ತಿರ ಬೇರೆ ಕೂತು ನಾಲ್ಕನೇ ಇಯತ್ತೆಯವರೆಗೆ ಓದಿದ್ದೇನೆ. ನಮ್ಮ ಸೀಮೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಮೂಡಲಗಿಗೆ ಸೊಸೆಯಾಗಿ ಬಂದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬರೆಯಬೇಡ ಎಂದು ಮಾತ್ರ ಯಾರೂ ಹೇಳಿಲ್ಲ: ಸತ್ತೆಪ್ಪ. ಕಂಡವರ ಹೊಲದಲ್ಲಿ ದುಡಿಯುತ್ತಿದ್ದ. ಊರಲ್ಲಿ ಯಾರಾದರೂ ತೀರಿಕೊಂಡರೆ ಕುಣಿ ತೋಡುವುದು ಅವನ ಮನೆತನದ ಪಾಲಿಗೆ ಬಂದ ಕೆಲಸ. ತೋಡಿದವರಿಗೆ ಸತ್ತವರ ಬಟ್ಟೆಯ ಗಂಟನ್ನು ಅಲ್ಲಿಯೇ, ಕುಣಿಯ ದಂಡೆಯ ಮೇಲೆ ಕೊಟ್ಟುಬಿಡುತ್ತಿದ್ದರು. ಅದು ತಿರುಗಿ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಆ ಬಟ್ಟೆಗಳೆಲ್ಲ ಅತ್ತೆ ಕರೆವ್ವನ ಕೈಗೆ ಬರುತ್ತಿದ್ದವು. ಅತ್ತೆ ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಣ್ಣ ಹೊಲಿಗೆ ಹಾಕಿ ಒಂದು ಕೌದಿ ಎಬ್ಬಿಸಿದಳೆಂದರೆ ಮೂವತ್ತು ಚಳಿಗಾಲ ಬಾಳುತ್ತಿತ್ತು. ಕಣ್ಣು ಮಂಜಾಗಿತ್ತು. ಹೊಲಿಗೆ ಸೊಟ್ಟಗಾಗಿದೆಯೋ ನೆಟ್ಟಗಿದೆಯೋ ಬೆರಳಿನಿಂದ ಸವರಿ ಹೇಳುತ್ತಿದ್ದಳು. ಅವಳು ಹೊಲಿದ ಕೌದಿ ಊರ ದೊಡ್ಡ ಮನೆಗಳ ಒಳಕೋಣೆಯವರೆಗೆ ಹೋಗುತ್ತಿತ್ತು. ಅವಳು ಮಾತ್ರ ಅಂಗಳದಲ್ಲಿಯೇ ನಿಲ್ಲುತ್ತಿದ್ದಳು. ಈ ಮಾತು ಎತ್ತಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಇರಲಿ.

ಮಿಕ್ಕ ಚಿಂದಿಯಲ್ಲಿ ನಾನು ಗೊಂಬೆ ಮಾಡಲು ಶುರು ಮಾಡಿದೆ. ಅತ್ತೆ ಬೇಡ ಎನ್ನಲಿಲ್ಲ. ಎರಡು ಕಟ್ಟುಪಾಡು ಹಾಕಿದಳು, ಅಷ್ಟೇ.

"ಗೊಂಬಿ ಹೊಟ್ಟಿ ಹೊಲಿಯೂಕಿಂತ ಮೊದಲ ನಾಕ ಕಾಳ ಜ್ವಾಳ ಹಾಕು. ಹಸದ ಹೊಟ್ಟೀಲೆ ಯಾರ ಮನಿಗೂ ಕಳಸಬ್ಯಾಡ" ಎಂದಳು. ಇನ್ನೊಂದು ಮಾತನ್ನು ನನ್ನ ಕೈ ಹಿಡಿದುಕೊಂಡು ಹೇಳಿದಳು. "ಸತ್ತವರ ಅರಿವಿ ಒಳಗಿನ ಪದರಿಗೆ ಅಷ್ಟ. ಹೊರಗ ಕಾಣೂ ಹಂಗ ಹಾಕಬ್ಯಾಡ. ಹೊಚಗೊಂಡವ್ರು ಬೆಚ್ಚಗ ಮಲಗಲಿ. ಯಾರದಂತ ಅವರಿಗೆ ಗೊತ್ತಾಗೂದ ಬ್ಯಾಡ."

"ಹೂಂ ಅತ್ತೀ" ಎಂದೆ. ಹೂಂ ಎನ್ನುವುದಕ್ಕೇನು ಕಷ್ಟ.

ನಾನು ಬಂದ ಮರುವರ್ಷ ಶ್ರಾವಣದಲ್ಲಿ ಬೆಲ್ಲದ ವ್ಯಾಪಾರಿ ರಾಚಪ್ಪನವರ ಮಗಳು ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ಒಂದೂವರೆ ವರ್ಷದ ಕೂಸು. ಹೆಸರು ಅಲ್ಲವ್ವ. ಅವರ ಮನೆಯಲ್ಲಿ ಅದೊಂದೇ ಮಗು. ಗಂಡ ಕುಣಿ ತೋಡಿ ಬಂದವನು ಗಂಟನ್ನು ಮೂಲೆಯಲ್ಲಿಟ್ಟು ಊಟ ಮಾಡದೆ ಮಲಗಿದ. "ಎರಡ ಮೊಳ ಉದ್ದ ಕುಣಿ ತೋಡೂದು ಭಾಳ ತ್ರಾಸ" ಎಂದಷ್ಟೇ ಹೇಳಿದ.

ಮರುದಿನ ಅತ್ತೆ ಗಂಟು ಬಿಚ್ಚಿದಳು. ಎರಡು ಅಂಗಿ, ಒಂದು ದುಪ್ಪಟಿ ಇದ್ದವು. ಅವುಗಳ ಕೆಳಗೆ ಒಂದು ಕುಂಚಿಗೆ. ಕೂಸಿನ ತಲೆಗೆ ಹಾಕಿ ಬೆನ್ನಿನ ಮೇಲೆ ಇಳಿಬಿಡುವ ಕುಂಚಿಗೆಯನ್ನು ತಾಯಿಯ ತಾಯಿ ಹೊಲಿದು ತರುವುದು ವಾಡಿಕೆ. ಇದನ್ನು ಹೊಲಿದ ಅಜ್ಜಿ ಕೈ ಬಿಗಿ ಹಿಡಿದಿರಲಿಲ್ಲ. ಕುಪ್ಪಸಕ್ಕೆ ಬಳಸುವ ಹಸಿರು ಖಣ, ಮೈತುಂಬ ಚಿಕ್ಕಿಗಳು, ಕೆಂಪು ದಡಿ. ಅಂಥ ಹಸಿರನ್ನು ನಾನು ನೋಡಿರಲಿಲ್ಲ. ಎಳೆ ಜೋಳದ ಪೈರಿನ ಹಾಗೆ ಇತ್ತು. ಹಣೆಯ ಮೇಲೆ ಬರುವ ಅಂಚಿನಲ್ಲಿ ಬೆರಳಗಲದ ಕಪ್ಪು ಕಲೆ ಇತ್ತು. ಕಾಡಿಗೆಯದು. ನಿದ್ದೆ ಬಂದಾಗ ಮಗು ಕಣ್ಣು ತಿಕ್ಕಿಕೊಂಡು ತಿಕ್ಕಿಕೊಂಡು ಅಂಚಿಗೆ ಹತ್ತಿಸಿತ್ತು. ಎಣ್ಣೆ ಬೆರೆತ ಕಾಡಿಗೆ, ಎಷ್ಟು ಒಗೆದರೂ ಹೋಗುವಂಥದಲ್ಲ.

"ಇದು ಒಳಗಿನ ಪದರಿಗೆ" ಎಂದು ಅತ್ತೆ ಅದನ್ನು ಸುತ್ತಿ ಮಡಕೆಯಲ್ಲಿಟ್ಟಳು.

ಅಂಥ ಖಣ ಒಳಗಿನ ಪದರಿಗೆ! ನನಗೆ ಹೊಟ್ಟೆ ಉರಿದುಹೋಯಿತು. ಮಗು ಸತ್ತ ದುಃಖಕ್ಕಿಂತ ಖಣ ಹಾಳಾಗುವ ಸಂಕಟ ನನಗೆ ಹೆಚ್ಚಾಗಿತ್ತು ಎಂದು ಹೇಳಲು ಈಗ ಮುಖ ಇಲ್ಲ. ಆದರೆ ಅದು ನಿಜ.

ಅದಾದ ಮರುವರ್ಷ ಹುಕ್ಕೇರಿ ಕಡೆಯ ಒಬ್ಬ ಗ್ರಾಮಸೇವಕಿ ನಮ್ಮ ಊರಿಗೆ ಬಂದರು. ಬಿಳಿ ಸೀರೆ, ಕೈಗಡಿಯಾರ, ಕಾಲಲ್ಲಿ ಚಪ್ಪಲಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಕೇರಿಗೆ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತು, ನೀರು ಕೇಳಿ ಕುಡಿದ ಮೊದಲ ಹೊರಗಿನ ಹೆಂಗಸು ಅವರು. ನನ್ನ ಗೊಂಬೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ಬರೂ ತಿಂಗಳ ಗೋಕಾಕದಾಗ ಹೆಣ್ಣಮಕ್ಕಳ ಕೈಗೆಲಸದ ಪ್ರದರ್ಶನ ಐತಿ. ಹಳೇ ಕಾಲದ ಗೊಂಬಿ ಬೇಕಂತ. ನಮ್ಮ ಆಯಿ, ಮುತ್ಯಾನ ಅವ್ವ ಆಡ್ತಿದ್ದರಲ್ಲಾ, ಹಂಥಾದು. ಗೆದ್ದಾಕಿಗೆ ಅವರ ಊರಾಗ ಹೊಲಿಗಿ ಕೇಂದ್ರ ಕೊಡ್ತಾರ. ಸರಕಾರದ ಪಗಾರ" ಎಂದರು.

"ನಾ ನಡಸಿದ್ರ ಊರ ಮಂದಿ ಬರ್ತಾರೇನ್ರಿ ಅಕ್ಕೋರ?"

"ಮೊದಲ ಗೆದಿ. ಬರೂದು ಬಿಡೂದು ಆಮ್ಯಾಲ ನೋಡೂಣು."

ಆ ಹೊತ್ತಿಗೆ ನನ್ನ ತಲೆ ನಿಂತಲ್ಲಿ ನಿಲ್ಲಲಿಲ್ಲ. ಸಾಲೆಯಲ್ಲಿ ಬಾಗಿಲ ಹತ್ತಿರ ಕೂತವಳು ಊರ ಹೆಂಗಸರ ಮುಂದೆ ಕುರ್ಚಿಯ ಮೇಲೆ ಕೂಡುವುದು! ಗೋಕಾಕದ ಕಟ್ಟಿಗೆ ಗೊಂಬೆಯವರು ಬರುತ್ತಾರೆ, ಸಂಕೇಶ್ವರದಿಂದ ಕೊಲ್ಹಾಪುರದ ನಮೂನೆ ಕಲಿತವರು ಬರುತ್ತಾರೆ. ಅವರ ನಡುವೆ ನನ್ನ ಚಿಂದಿ ಗೊಂಬೆಯನ್ನು ಯಾರು ನೋಡಬೇಕು ಎಂಬ ಚಿಂತೆ ಹತ್ತಿತು.

ಮೈಗೆ ತೊಳೆದು ಮೆತ್ತಗಾದ ಧೋತರ ಕತ್ತರಿಸಿದೆ. ಚಹಾಪುಡಿ ಕುದಿಸಿದ ನೀರಿನಲ್ಲಿ ಚೂರು ಬೆಲ್ಲ ಹಾಕಿ ಅದ್ದಿ, ನೆರಳಿಗೆ ಒಣಹಾಕಿ, ಮೈಬಣ್ಣ ಬರಿಸಿದೆ. ಅರಳೆ ಹಿಂಜಿ ತುಂಬಿದೆ. ಕೈಕಾಲು ಬೇರೆ ಹೊಲಿದು ಜೋಡಿಸಿದೆ. ಹೊಟ್ಟೆ ಮುಚ್ಚುವ ಮುಂಚೆ ನಾಲ್ಕು ಕಾಳು ಜೋಳ ಹಾಕಿದೆ. ಅತ್ತೆಯ ಒಂದು ಮಾತನ್ನಾದರೂ ನಡೆಸಿಕೊಟ್ಟೆ, ನೋಡಿ. ಹುಬ್ಬು, ಮೂಗು, ತುಟಿ ಮೂಡಿಸಿ, ಕೊನೆಗೆ ಕಣ್ಣು ಹೊಲಿದೆ. ಮೂಗಿಗೆ ಮಣಿಯ ನತ್ತು. ಮುಗಿಸಿ ಗೋಡೆಗೆ ಒರಗಿಸಿದರೆ ನೂರು ವರ್ಷದ ಹಿಂದಿನ ಮದುಮಗಳು ಬಂದು ಕೂತ ಹಾಗಾಯಿತು, ಆದರೆ ಬತ್ತಲೆ. ಅವಳಿಗೆ ಉಡಿಸುವಂಥದು ನನ್ನ ಚಿಂದಿಯ ಗಂಟಿನಲ್ಲಿ ಏನೂ ಇರಲಿಲ್ಲ.

ಅತ್ತೆ ಕೂಲಿಗೆ ಹೋದ ಹೊತ್ತು ನೋಡಿ ಮಡಕೆಗೆ ಕೈ ಹಾಕಿದೆ.

ಕತ್ತರಿ ಇಡುವಾಗ ಕೈ ನಡುಗಿತು ಎಂದರೆ ಸುಳ್ಳು. ಒಂದಿಷ್ಟೂ ನಡುಗಲಿಲ್ಲ. ಖಣ ಎಲ್ಲಿ ಎಷ್ಟು ಸಾಲುತ್ತದೆ ಎಂಬ ಲೆಕ್ಕದಲ್ಲಿಯೇ ಮುಳುಗಿದ್ದೆ. ಕುಂಚಿಗೆಯ ಬೆನ್ನಿನ ಭಾಗ ಗೊಂಬೆಯ ಕಚ್ಚೆಯಾಯಿತು, ಕೆಂಪು ದಡಿ ಸೆರಗಿಗೆ ಬಂತು. ಕಾಡಿಗೆ ಹತ್ತಿದ ಅಂಚನ್ನು ಗೊಂಬೆಯ ಹಿಂಬದಿಗೆ, ಸೀರೆಯ ಕೆಳತುದಿಗೆ ತಂದು, ಕಲೆ ಒಳಗೆ ಹೋಗುವ ಹಾಗೆ ಮಡಚಿ, ಇರುವೆ ಸಾಲಿನಂಥ ಹೊಲಿಗೆ ಹಾಕಿದೆ. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಇರಲಿಲ್ಲ.

ಗೋಕಾಕದ ಪ್ರದರ್ಶನದಲ್ಲಿ ನನ್ನ ಗೊಂಬೆ ಗೆದ್ದಿತು. ಬಹುಮಾನ ಕೊಡಲು ಬಂದಿದ್ದ ಸಾಹೇಬರ ಹೆಂಡತಿ ಅದನ್ನು ಎತ್ತಿಕೊಂಡು "ಇದು ನನ್ನನ್ನೇ ನೋಡ್ತದಲ್ಲ" ಎಂದು ನಕ್ಕರು. ಅಕ್ಕೋರು ನನ್ನ ಬೆನ್ನು ತಟ್ಟಿದರು. ಹೊಲಿಗೆ ಕೇಂದ್ರದ ಕಾಗದದ ಮೇಲೆ ಸಹಿ ಮಾಡು ಎಂದರು, ಮಾಡಿದೆ. ಶಾಯಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಜನರ ನಡುವಿನಿಂದ ರಾಚಪ್ಪನವರೂ ಅವರ ಹಿಂದೆ ಹೆಂಡತಿ ಗೌರವ್ವನವರೂ ಬಂದು ನನ್ನ ಮೇಜಿನ ಮುಂದೆ ನಿಂತರು. ಬೆಲ್ಲದ ಗಾಡಿಯ ಜೊತೆ ಗೋಕಾಕಕ್ಕೆ ಬಂದವರು ನಮ್ಮ ಊರಿನವಳು ಗೆದ್ದಳೆಂದು ಕೇಳಿ ನೋಡಲು ಬಂದಿದ್ದರು.

ಗೌರವ್ವನವರು ಗೊಂಬೆಯನ್ನು ಎತ್ತಿಕೊಂಡರು. ಮೊದಲು ಮುಖ ನೋಡಲಿಲ್ಲ, ಸೀರೆ ನೋಡಿದರು. ತಿರುಗಿಸಿದರು. ಹೆಬ್ಬೆರಳಿನಿಂದ ಅಂಚನ್ನು ಸವರಿಕೊಂಡು ಹೋದರು. ಅಂಚು ಮಡಚಿ ದಪ್ಪಗಿದ್ದ ಕಡೆ ಬೆರಳು ನಿಂತಿತು.

"ಈ ಖಣ ಎಲ್ಲೀದು, ಗುಡ್ಡವ್ವ?"

ಬಾಜೂಕ್ಕೆ ಸಾಹೇಬರು, ಅವರ ಹೆಂಡತಿ, ಅಕ್ಕೋರು. ಮೇಜಿನ ಮೇಲೆ ನನ್ನ ಸಹಿ. ನಿಜ ಹೇಳಿದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲೇ ಗೋಕಾಕ ಸಂತ್ಯಾಗ ತಗೊಂಡೇನ್ರಿ ಎವ್ವಾ. ತುಂಡ ಅರಿವಿ ಮಾರಾವ ಒಬ್ಬಾವ ಬಂದಿದ್ದ" ಎಂದೆ. ಎಷ್ಟು ಸಲೀಸಾಗಿ ಬಂತು ಎಂದರೆ, ಆ ಮಾರುವವನ ಮೀಸೆಯನ್ನು ಕೇಳಿದ್ದರೂ ಹೇಳುತ್ತಿದ್ದೆ.

ಗೌರವ್ವನವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆಗೆ ತಿರುಗಿ, ಸುತ್ತಲಿನವರಿಗೂ ಕೇಳುವ ಹಾಗೆ, "ಕೇಳಿದ್ರೇನ್ರಿ, ಸಂತ್ಯಾಗ ಸಿಕ್ಕೈತಂತ. ನಮ್ಮ ಅಲ್ಲವ್ವನ ಕುಂಚಿಗಿ ಹಂಗ ಐತಿ ನೋಡ್ರಿ, ಥೇಟ್ ಹಂಗ. ಇದನ್ನ ನಾ ಒಯ್ತೇನಿ" ಎಂದರು.

ರಾಚಪ್ಪನವರ ಕಣ್ಣು ತುಂಬಿತ್ತು. "ಒಯ್ಯು" ಎಂದರು.

ದುಡ್ಡು ಬೇಡ ಎಂದೆ. ಅಷ್ಟು ಮಾನ ಉಳಿದಿತ್ತು. ಅವರು ಒತ್ತಾಯ ಮಾಡಿ ಕೈಯಲ್ಲಿ ತುರುಕಿದರು. ಗೊಂಬೆಯನ್ನು ಕೂಸಿನ ಹಾಗೆ ಹೆಗಲಿಗೆ ಆನಿಸಿಕೊಂಡು ಜನರ ನಡುವೆ ಹೋದರು. ನಾನು ಹೊಲಿದ ಕಣ್ಣುಗಳು ಅವರ ಹೆಗಲ ಮೇಲಿನಿಂದ ನನ್ನನ್ನೇ ನೋಡುತ್ತಿದ್ದವು.

ಮನೆಗೆ ಬಂದರೆ ಅತ್ತೆ ಖಾಲಿ ಮಡಕೆಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಬೈದಿದ್ದರೆ ನಾನೂ ಎದುರು ಆಡುತ್ತಿದ್ದೆ. ಬೈಯಲಿಲ್ಲ. ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಅಕಿ ಕೈಗೇ ಹೋತು?" ಎಂದಳು.

"ಹೋತು."

ಮಡಕೆಯನ್ನು ಮೂಲೆಗೆ ಸರಿಸಿ, "ಹೊಲದಾತು. ಇನ್ನ ಅದನ್ನ ಬಿಚ್ಚಾಕ ಹೋಗಬ್ಯಾಡ. ನಿನಗ ಎಷ್ಟ ಕೆಟ್ಟ ಅನಿಸಿದ್ರೂ ನೀನ ಇಟಗೋ. ಅಕಿ ಮುಂದ ಒಯ್ದು ಸುರುವಬ್ಯಾಡ" ಎಂದಳು.

ಆ ಮಾತಿನ ತೂಕ ನನಗೆ ತಿಳಿಯಲಿಲ್ಲ. ನನ್ನ ಪಗಾರ ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡೆ.

ಹಳೆ ಚಾವಡಿಯಲ್ಲಿ ಹೊಲಿಗೆ ಕೇಂದ್ರ ಶುರುವಾಯಿತು. ಮೊದಲ ತಿಂಗಳು ಕೇರಿಯ ಮೂವರೇ ಬಂದರು. ಎರಡನೆಯ ತಿಂಗಳು ಕುರುಬರ ಸೀತವ್ವ ಬಂದಳು. ಆಮೇಲೆ, ಮಷೀನಿನ ಆಸೆಗೆ, ಉಳಿದವರೂ ಮೂಗು ಮುರಿಯುತ್ತ ಬಂದರು. ನಾನು ಕುರ್ಚಿಯ ಮೇಲೆ ಕೂತೆ. ಅಂದುಕೊಂಡಷ್ಟು ಸುಖ ಇರಲಿಲ್ಲ. ಯಾಕೆಂದರೆ ವಾರಕ್ಕೊಮ್ಮೆಯಾದರೂ ಗೌರವ್ವನವರ ಸುದ್ದಿ ಬರುತ್ತಿತ್ತು. ಕೂಸು ಹೋದಂದಿನಿಂದ ಮಾತು ಬಿಟ್ಟವರು ಮಾತಾಡುತ್ತಾರಂತೆ. ಊಟ ಮಾಡುತ್ತಾರಂತೆ. ಪಡಸಾಲೆಯ ಗೋಡೆಯ ಮಾಡದಲ್ಲಿ ಗೊಂಬೆಯನ್ನು ಕೂಡಿಸಿಕೊಂಡು ಮುಂಜಾನೆ ಎದ್ದ ಕೂಡಲೇ ಅದರ ಮುಖ ನೋಡುತ್ತಾರಂತೆ.

ಒಂದು ದಿನ ರಾಚಪ್ಪನವರೇ ಚಾವಡಿಯ ಮುಂದೆ ನಿಂತು ಕರೆದರು.

"ಗುಡ್ಡವ್ವಾ, ಆ ತುಂಡಿನ ವ್ಯಾಪಾರಿ ಯಾವ ಕಡೆ ಕೂಡ್ತಿದ್ದ ಸಂತ್ಯಾಗ? ಮೂರ ಸಂತಿ ಹುಡಿಕಿದ್ನಿ. ಯಮಕನಮರಡಿ ಸಂತಿಗೂ ಹೋಗಿ ಬಂದ್ನಿ. ಹಂಥಾ ಖಣ ಎಲ್ಲೂ ಸಿಗವಲ್ದು. ಅಕಿಗೆ ಒಂದ ಕುಬಸಕ್ಕ ಆಗುವಷ್ಟ ಸಿಕ್ರ ಸಾಕಾಗಿತ್ತು."

"ಬಾವಿ ಬಾಜೂ ಕೂಡ್ತಿದ್ದ್ರಿ... ಈಗ ಬರ್ತಾನೋ ಇಲ್ಲೋ ಗೊತ್ತಿಲ್ರಿ ಯಪ್ಪಾ" ಎಂದೆ.

ನಾಲ್ಕನೆಯ ಸಂತೆಗೂ ಅವರು ಹೋದರು. ಇಲ್ಲದ ಮನುಷ್ಯನನ್ನು, ಇಲ್ಲದ ಖಣಕ್ಕಾಗಿ, ಬಿಸಿಲಲ್ಲಿ ಹುಡುಕಿಕೊಂಡು ಬಂದರು. ಅಂದಿನಿಂದ ಅವರು ಚಾವಡಿಯ ಮುಂದೆ ಹಾದರೆ ನಾನು ಮಷೀನಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿಬಿಡುತ್ತಿದ್ದೆ.

ಅಷ್ಟರಲ್ಲಿ ನನಗೆ ಏಳು ತಿಂಗಳಾಗಿತ್ತು. ಗೌರವ್ವನವರು ಹೇಳಿ ಕಳುಹಿಸಿದರು, ಉಡಿ ತುಂಬುತ್ತೇನೆ, ಬಾ ಎಂದು. ನಮ್ಮ ಕೇರಿಯ ಬಸುರಿಗೆ ಅವರ ಮನೆಯಲ್ಲಿ ಉಡಿ ತುಂಬಿದ್ದನ್ನು ಯಾರೂ ಕೇಳಿರಲಿಲ್ಲ. ಅತ್ತೆ ನನಗೆ ತಲೆ ಬಾಚಿ, "ತಲಿ ತಗ್ಗಿಸಿ ಕೂಡು, ಕೊಟ್ಟದ್ದು ಇಸ್ಕೋ, ಬಾ" ಎಂದಳು. ಬಾಗಿಲಿಗೆ ಬಂದು ಮತ್ತೊಮ್ಮೆ, "ಬಾಯಿ ಬಿಡಬ್ಯಾಡ" ಎಂದಳು.

ಪಡಸಾಲೆಗೆ ಹತ್ತಲು ನಾನು ಅನುಮಾನ ಮಾಡಿದೆ. ಗೌರವ್ವನವರು ನನ್ನ ಮೊಣಕೈ ಹಿಡಿದು ಮೇಲೆ ಕರೆದುಕೊಂಡು ಮಣೆಯ ಮೇಲೆ ಕೂಡಿಸಿದರು. ಮೂಲೆಯಲ್ಲಿ ಅವರ ಅತ್ತೆ ಯಮನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಹಣೆಯ ತುಂಬ ವಿಭೂತಿ. ಮುದುಕಿ ನನ್ನನ್ನು ಒಮ್ಮೆ ನೋಡಿ, ಬೇಡ ಎನ್ನದೆ, ತನ್ನ ಕೆಲಸಕ್ಕೆ ಮರಳಿದರು. ಎದುರಿನ ಮಾಡದಲ್ಲಿ ನನ್ನ ಗೊಂಬೆ ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ನತ್ತು ಥಳ ಥಳ ಹೊಳೆಯುತ್ತಿತ್ತು. ಕಣ್ಣು ನನ್ನ ಮೇಲೆ.

ಗೌರವ್ವನವರು ನನ್ನ ಸೆರಗು ಹಿಡಿಸಿ ಅಕ್ಕಿ ಹಾಕಿದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ. ಕೊನೆಗೆ ಒಂದು ಹೊಸ ಖಣ.

"ಕೂಸಿಗೆ ಕುಂಚಿಗಿ ಹೊಲಿ. ಅವರು ಆ ಹಸರ ಖಣ ಹುಡುಕಾಕ ಹೋದಾಗ ಇದು ಸಿಕ್ಕಿತು. ಇರಲಿ ಅಂತ ತಂದ್ರು. ನಿನ್ನ ಕೈ ದೊಡ್ಡದು ಗುಡ್ಡವ್ವ, ಹೋದ ಕೂಸಿನ ನೆಳ್ಳರೆ ನನ್ನ ಮನಿಗೆ ತಂದಿ" ಎಂದರು.

ನನ್ನ ಹೊಟ್ಟೆಯೊಳಗೆ ಮಗು ಒದ್ದಿತು. ಆ ಕ್ಷಣಕ್ಕೆ ಬೈಗುಳವಾದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು, ಈ ಖಣ ತಡೆದುಕೊಳ್ಳಲು ಆಗಲಿಲ್ಲ.

"ಎವ್ವಾ, ನಾ ಒಂದ ಮಾತ ಹೇಳಬೇಕ್ರಿ. ಆ ಖಣ..."

"ಇರಲಿ ಬಿಡು. ಉಡಿ ಕಟಗೋ ಮೊದಲ" ಎಂದು ಗೌರವ್ವನವರು ತಟ್ಟನೆ ನಡುವೆ ಬಾಯಿ ಹಾಕಿದರು.

"ಇಲ್ಲರಿ, ಹೇಳಬೇಕು. ಅದು ಸಂತ್ಯಾಗ..."

"ಸುಮ್ಮಕಿರು ಗುಡ್ಡವ್ವಾ." ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದರು, ನೋಯುವಷ್ಟು. "ಬಸರ ಹೆಂಗಸು, ಸಂಕಟ ಮಾಡ್ಕೋಬ್ಯಾಡ. ಏನೂ ಹೇಳಬ್ಯಾಡ. ನನಗೇನೂ ಕೇಳೂದಿಲ್ಲ."

ದೊಡ್ಡ ಮನಸ್ಸಿನವರು, ಬಡವಳ ಮಾನ ಕಾಯುತ್ತಿದ್ದಾರೆ ಎಂದುಕೊಂಡೆ. ಅದರಿಂದ ಅಳು ಇನ್ನಷ್ಟು ಒತ್ತಿಕೊಂಡು ಬಂತು. ಎಲ್ಲವನ್ನೂ ಕಕ್ಕಿಬಿಟ್ಟೆ. ಕುಣಿಯ ದಂಡೆಯಲ್ಲಿ ಕೊಟ್ಟ ಗಂಟು, ಅತ್ತೆಯ ಮಡಕೆ, ನನ್ನ ಕತ್ತರಿ, ಸಂತೆಯ ಸುಳ್ಳು. "ಅದು ಅಲ್ಲವ್ವನ ಕುಂಚಿಗೀನ ಐತ್ರಿ. ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎಂದು ಅವರ ಕಾಲು ಹಿಡಿದೆ. ಹೇಳಿ ಮುಗಿದಾಗ ಹಗುರವಾಯಿತು. ಅದನ್ನೂ ಬಚ್ಚಿಡುವುದಿಲ್ಲ. ಎಷ್ಟೋ ದಿನಕ್ಕೆ ಉಸಿರು ಪೂರಾ ಹೊರಗೆ ಹೋದಂತೆ ಹಗುರವಾಯಿತು.

ಮೊರದ ಸಪ್ಪಳ ನಿಂತಿತ್ತು.

"ಗೌರಾ, ಏನ ಅಂದ್ಲು ಅಕಿ?" ಎಂದರು ಯಮನವ್ವ.

ಗೌರವ್ವನವರು ಬಗ್ಗಿ ಕಾಲಿನಿಂದ ನನ್ನ ಕೈ ಬಿಡಿಸಿದರು.

ಮುದುಕಿ ಗೋಡೆ ಹಿಡಿದು ಎದ್ದರು. ಕೂಗಾಡಲಿಲ್ಲ, ನನ್ನ ಮೇಲೆ ಹರಿಹಾಯಲೂ ಇಲ್ಲ. "ಸೂತಕ ಅಂತ ನಾ ಅನ್ನಾಂಗಿಲ್ಲ. ಲಿಂಗ ಕಟ್ಟಿದವ್ರು ನಾವು, ನಮ್ಮಲ್ಲಿ ಸೂತಕ ಇಲ್ಲ. ಆದ್ರ ಕೊಟ್ಟಾಗಿತ್ತು, ಗೌರಾ. ಕೂಸಿನ ಸಂಗಾಟ ಕೊಟ್ಟಾಗಿತ್ತು. ಕೊಟ್ಟದ್ದನ್ನ ತಿರುಗಿ ತಂದು ಮಾಡದಾಗ ಕುಂಡರಿಸಿದ್ರ ಆ ಕೂಸು ಹೋಗಬೇಕೋ ಇರಬೇಕೋ? ಅದಕ್ಕ ಹೆಂಗ ತಿಳೀಬೇಕು? ಗೊತ್ತಿಲ್ಲದಾಗ ನಡೀತು. ಈಗ ಕಿವಿಗೆ ಬಿತ್ತು. ಇನ್ನ ಮನ್ಯಾಗ ಬ್ಯಾಡ."

ಅವರು ಹೇಳಿದ್ದು ಸಿಟ್ಟಿನಿಂದಲ್ಲ. ಅವರಿಗೂ ಅದು ಮೊಮ್ಮಗಳು. ಹಾಗೆಂದೇ ಆ ಮಾತಿಗೆ ಯಾರೂ ಎದುರಾಡುವಂತಿರಲಿಲ್ಲ.

ಗೌರವ್ವನವರು ಮಾಡದ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಸೆರಗಿನ ತುದಿಯಿಂದ ಗೊಂಬೆಯ ಮುಖ ಒರೆಸಿದರು. ಧೂಳೇನೂ ಇರಲಿಲ್ಲ. ಆಮೇಲೆ ತಂದು, ಅಕ್ಕಿ ಕೊಬ್ಬರಿ ಖಣದ ಮೇಲೆ, ನನ್ನ ಉಡಿಯಲ್ಲಿ ಅದನ್ನು ಇಟ್ಟರು. ಉಡಿಯಲ್ಲಿ ಹಾಕಿದ್ದನ್ನು ಬೇಡ ಎನ್ನಲು ಬರುವುದಿಲ್ಲ.

ನನ್ನ ಕಿವಿಯ ಹತ್ತಿರ ಬಗ್ಗಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಯಾಕ ಹೇಳಿದಿ, ಗುಡ್ಡವ್ವಾ?" ಎಂದರು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಕಾದವರು ತಪ್ಪಿ ಹೀಗೆ ಕೇಳಿದರು ಎಂದುಕೊಂಡೆ. "ತಪ್ಪಾತ್ರಿ" ಎಂದು ಮತ್ತೆ ಹೇಳಿದೆ. ಅವರು ಒಳಗೆ ಹೋದರು.

ಮನೆಗೆ ಬಂದು ಅತ್ತೆಯ ಮುಂದೆ ಉಡಿ ಬಿಚ್ಚಿದೆ. ಅಕ್ಕಿಯ ನಡುವೆ ಅವಳ ಕೈಗೆ ಗೊಂಬೆ ಸಿಕ್ಕಿತು. ಎತ್ತಿಕೊಂಡು ಮೊಣಕಾಲ ಮೇಲಿಟ್ಟು ಎಂದಿನಂತೆ ಬೆರಳಿನಿಂದ ಹೊಲಿಗೆ ಸವರತೊಡಗಿದಳು. ಹಿಂಬದಿಯ ಅಂಚಿಗೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು.

"ಇದು ನಿನ್ನ ಹೊಲಿಗಿ ಅಲ್ಲ" ಎಂದಳು.

"ಎಲ್ಲಾ ನಂದ ಐತಿ."

"ಅಲ್ಲ. ಉಳದದ್ದು ನಿಂದು. ಈ ಗೇಣಷ್ಟು ನಿಂದಲ್ಲ. ಬೆಳಕಿಗೆ ಹಿಡದ ನೋಡು."

ಬಾಗಿಲಿಗೆ ಒಯ್ದು ನೋಡಿದೆ. ನಾನು ಹಸಿರು ದಾರದಲ್ಲಿ ಹೊಲಿದಿದ್ದೆ. ಆ ಒಂದು ಗೇಣಿನ ಉದ್ದ ಬಿಳಿ ದಾರದ ಹೊಲಿಗೆ ಇತ್ತು, ಅಷ್ಟೇನೂ ಪಳಗದ ಕೈಯದು, ಆದರೆ ಅವಸರವಿಲ್ಲದ್ದು. ಯಾರೋ ನನ್ನ ಹೊಲಿಗೆಯನ್ನು ಒಂದೊಂದಾಗಿ, ಖಣದ ಎಳೆ ಹರಿಯದ ಹಾಗೆ ಬಿಚ್ಚಿದ್ದರು. ಒಳಗೆ ಮಡಚಿಟ್ಟಿದ್ದ ಅಂಚನ್ನು ಹೊರಗೆ ತೆಗೆದು, ಕಾಡಿಗೆಯ ಕಲೆ ಮೇಲೆ ಬರುವ ಹಾಗೆ ತಿರುವಿ, ಮತ್ತೆ ಹೊಲಿದಿದ್ದರು. ಆ 'ಯಾರೋ' ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕಲೆಯ ಸುತ್ತ ಖಣದ ಚಿಕ್ಕಿಗಳು ಸವೆದಿದ್ದವು. ದಿನವೂ ಹೆಬ್ಬೆರಳು ಆಡಿದರೆ ಮಾತ್ರ ಹಾಗೆ ಸವೆಯುತ್ತವೆ.

ಅವರಿಗೆ ಗೊತ್ತಿತ್ತು. ಪ್ರದರ್ಶನದಲ್ಲಿ ಬೆರಳು ನಿಂತಾಗಲೇ ಗೊತ್ತಾಯಿತೋ, ಮನೆಗೆ ಒಯ್ದು ಬಿಚ್ಚಿದ ಮೇಲೋ, ನಾನು ಕೇಳಿಲ್ಲ. ಗೊತ್ತಿದ್ದೇ ನನ್ನ ಸುಳ್ಳನ್ನು ಎಲ್ಲರೆದುರು ಎತ್ತಿಹಿಡಿದಿದ್ದರು. ಗಂಡನನ್ನು ಸಂತೆ ಸಂತೆಗೆ ಹೋಗಲು ಬಿಟ್ಟಿದ್ದರು. ಆ ಸುಳ್ಳೊಂದರ ಮೇಲೆಯೇ ಅವರ ಮಗಳ ಕುಂಚಿಗೆ ಹೊಸ್ತಿಲು ದಾಟಿ ಮಾಡದಲ್ಲಿ ಕೂತಿತ್ತು. ಹೇಳಬೇಡ, ಹೇಳಬೇಡ ಎಂದು ನನ್ನ ಭುಜ ನೋಯುವಷ್ಟು ಹಿಡಿದು ಹೇಳಿದರು. ಅವರ ಅತ್ತೆಯ ಕಿವಿಗೆ ಬೀಳುವ ಹಾಗೆ ನಾನು ಹೇಳಿದೆ. ನನ್ನ ಎದೆ ಹಗುರ ಮಾಡಿಕೊಳ್ಳಲು, ಆ ತಾಯಿಯಿಂದ ಅದನ್ನು ಎರಡನೆಯ ಸಲ ಕಸಿದುಕೊಂಡೆ.

"ಬಿಚ್ಚಬ್ಯಾಡ ಅಂದಿದ್ನಿ" ಎಂದಳು ಅತ್ತೆ. ಅಷ್ಟೇ. ಗೊಂಬೆಯನ್ನು ನನ್ನ ಕೈಗೆ ಕೊಟ್ಟು ಅಕ್ಕಿ ಬಳಿಯತೊಡಗಿದಳು.

ಆ ಅಂಚನ್ನು ನಾನು ಮತ್ತೆ ಒಳಗೆ ಮಡಚಲಿಲ್ಲ. ಮಗಳು ಹುಟ್ಟಿದಳು, ಉಡಿಯ ಖಣದಲ್ಲಿ ಅವಳಿಗೆ ಕುಂಚಿಗೆ ಹೊಲಿದೆ. ಅದನ್ನು ಹಾಕಿ ಅವಳನ್ನು ಎತ್ತಿಕೊಂಡು ರಾಚಪ್ಪನವರ ಓಣಿಯಲ್ಲಿ ಹೋಗಲು ಧೈರ್ಯ ಬರಲಿಲ್ಲ. ಗೊಂಬೆಯನ್ನು ಮನೆಯಲ್ಲಿ ಇಡಲೂ ಮನಸ್ಸು ಒಪ್ಪದೆ ಚಾವಡಿಗೆ ಒಯ್ದು, ಹೊಲಿಗೆ ಕೇಂದ್ರದ ಕಪಾಟಿನ ಮೇಲಿನ ಅರೆಯಲ್ಲಿ, ಬೆನ್ನು ಹೊರಗೆ ಮಾಡಿ ಕೂಡಿಸಿದೆ. ಆ ಕಣ್ಣುಗಳನ್ನು ಎದುರಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಮಗಳು ಹುಟ್ಟಿ ಎರಡು ತಿಂಗಳಾದ ಮೇಲೆ, ಒಂದು ಗುರುವಾರ, ಗೌರವ್ವನವರು ಚಾವಡಿಯ ಮೆಟ್ಟಿಲು ಹತ್ತಿ ಬಂದರು. ಹೆಂಗಸರೆಲ್ಲ ಮಷೀನು ನಿಲ್ಲಿಸಿ ನೋಡಿದರು. "ಹೊಲಿಗಿ ಕಲಿಯಾಕ ಬಂದೇನಿ, ಹೆಸರ ಬರಕೋ" ಎಂದರು. ಕಪಾಟಿನ ಎದುರಿನ ಚಾಪೆಯ ಮೇಲೆ ಕೂತರು. ಅವರ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಚಾವಡಿ ಯಾರ ಮನೆಯೂ ಅಲ್ಲವಲ್ಲ.

ಇದು ಏಳನೆಯ ವರ್ಷ. ಗುರುವಾರಕ್ಕೊಮ್ಮೆ ಬರುತ್ತಾರೆ. ಒಂದೇ ಕರವಸ್ತ್ರದ ಅಂಚನ್ನು ಬಿಚ್ಚುತ್ತಾರೆ, ಹೊಲಿಯುತ್ತಾರೆ, ಬಿಚ್ಚುತ್ತಾರೆ. ಗೊಂಬೆಯ ಮಾತನ್ನು ಅವರು ಎತ್ತಿಲ್ಲ, ನಾನೂ ಎತ್ತಿಲ್ಲ. ಹೋಗುವಾಗ ಕಪಾಟಿನ ಮುಂದೆ ಅರೆಕ್ಷಣ ನಿಲ್ಲುತ್ತಾರೆ, ಹೆಬ್ಬೆರಳಿನಿಂದ ಒಮ್ಮೆ ಅಂಚನ್ನು ಮುಟ್ಟುತ್ತಾರೆ.

"ಕಪಾಟಿನ ಬಾಗಲಾ ಸರಿ ಹಾಕು ಗುಡ್ಡವ್ವ. ಧೂಳ ಕೂಡತೈತಿ" ಎನ್ನುತ್ತಾರೆ.

"ಹೂಂ ರಿ ಎವ್ವಾ" ಎನ್ನುತ್ತೇನೆ. ಅಷ್ಟು ಹೇಳುವಾಗಲೂ, ಈ ಏಳು ವರ್ಷದಲ್ಲಿ ಒಂದು ಸಲವೂ, ಅವರ ಮುಖ ನೋಡಲು ನನ್ನಿಂದ ಆಗಿಲ್ಲ.